ಹೊಳೆಯ ನಡುವೆ ಹೆಬ್ಬೆಟ್ಟು

ಹೊಳೆ ದಾಟಿಸುವ ಕೂಳೂರು ಕಡವಿನ ದಡದಲ್ಲಿ ಕೂತಿದ್ದೇನೆ. ಪ್ರಯಾಣದ ಖರ್ಚು ವಾಪಸು ಸಿಗಬೇಕಾದರೆ ವೋಚರಿನಲ್ಲಿ ದೋಣಿಯವನ ಹೆಬ್ಬೆಟ್ಟು ಇರಬೇಕೆಂಬುದು ನಮ್ಮ ಆಫೀಸಿನ ನಿಯಮ. ಇಳಿದೊಡನೆ ಬಸ್ಸಿಗೆ ಓಡಬೇಕಲ್ಲ ಎಂದು ನಡುಹೊಳೆಯಲ್ಲೇ ವೋಚರನ್ನು ಮುಂದೆ ಹಿಡಿದೆ.

"ಈಗಲೇ ಎಂತ ಅವಸರ ಮಾರಾಯ್ರೆ?" ಎಂದು ದೋಣಿಯ ಮುದುಕ ಅದ್ರಾಮ ಬ್ಯಾರಿಗಳು ನಕ್ಕರು. ಆದರೂ ಹುಟ್ಟು ಬಿಟ್ಟು, ನನ್ನ ಪೆನ್ನಿನ ಮಸಿಗೆ ಹೆಬ್ಬೆರಳು ಕೊಟ್ಟರು. ಸೆಳೆತಕ್ಕೆ ದೋಣಿ ತಿರುಗಿ ವಾಲಿತು. ಅವರು ನೀರಿಗೆ ಬಿದ್ದರು. ಎರಡು ಸಲ ಅವರ ತಲೆ ಮುಳುಗಿದ್ದನ್ನು ನೋಡಿದೆ. ಮೂರನೆಯ ಸಲ ನಾನು ಚಾಚಿದ ಕೊಡೆ ಅವರ ಕೈಗೆ ಸಿಕ್ಕಿತು.

ದಡದಲ್ಲಿ ಕೆಮ್ಮುತ್ತಲೇ ಹೆಬ್ಬೆರಳು ನೀಡಿದರು. "ಮಸಿ ಹೋಯ್ತು, ಪುನಃ ಹಚ್ಚಿ. ಇಲ್ಲದಿದ್ದರೆ ನಿಮಗೆ ದುಡ್ಡು ಸಿಗ್ಲಿಕ್ಕಿಲ್ಲ ಅಲ್ವಾ?"

ಆಗಲಿಲ್ಲ ನನ್ನಿಂದ. ಇದನ್ನು ಬರೆಯುತ್ತಿರುವುದು ಆ ವೋಚರಿನ ಹಿಂಬದಿಯಲ್ಲಿ.