ಒಡ್ಡು ದಾಟಿದ ದಿನ

ಪಾರ್ಕಿನ್ಸನ್ ಕಾಯಿಲೆ ಅಂತ ಡಾಕ್ಟರ್ ಹೇಳಿದ ಮೇಲೆ ನನ್ನ ಯಜಮಾನರಿಗೆ ಕನೂ ದೋಣಿಯ ಹುಚ್ಚು ಹಿಡಿಯಿತು. ಉಲ್ಹಾಸ್ ನದಿಗೆ ಇಳಿದು, ಕಲ್ಯಾಣ, ಡೊಂಬಿವಲಿ ದಾಟಿ, ಠಾಣೆಯ ಖಾಡಿ ಎಂಬ ಹಿನ್ನೀರು ಹಿಡಿದು ನಮ್ಮ ಸಾನಪಾಡಾದ ಹತ್ತಿರದವರೆಗೆ ಹುಟ್ಟು ಹಾಕುತ್ತ ಬರುವ ಪ್ರಯಾಣ. ನನ್ನನ್ನೊಂದು ಮಾತೂ ಕೇಳದೆ ಹೊರಡುವ ತಂಡಕ್ಕೆ ಇಬ್ಬರ ಹೆಸರನ್ನೂ ಕೊಟ್ಟುಬಂದಿದ್ದರು.

"ರೀ, ತಲಿ ಗಿಲಿ ಕೆಟ್ಟೈತೇನು ನಿಮಗ?" ಅಂದೆ. ನಾನು ಹುಬ್ಬಳ್ಳಿ ಕಡೆಯವಳು. ನೀರು ಅಂದರೆ ನನಗೆ ನಳದಲ್ಲಿ ಬಂದರೆ ಸಾಕು.

"ಕೈಕಾಲು ಆಡುವಾಗಲೇ ಹೋಗ್ಬೇಕು ಮಾರಾಯ್ತಿ. ಆಮೇಲೆ ಎಂತ ಉಂಟು?" ಅಂದರು ಈ ಉಡುಪಿಯ ಮಹಾಶಯರು. ಕೆಲವು ಭಾನುವಾರ ಕೆರೆಯಲ್ಲಿ ಕಲಿತು, ದೇವರ ಮೇಲೆ ಭಾರ ಹಾಕಿ ಹೊರಟೆ.

ಎರಡನೆಯ ದಿನ ಬೆಳಗ್ಗೆ ಎಷ್ಟು ಚೆನ್ನಾಗಿತ್ತು! ಸುಮ್ಮನೆ ತೊಡೆಯ ಮೇಲಿಟ್ಟರೆ ಗಡಗಡ ನಡುಗುವ ಅವರ ಬಲಗೈ, ಹುಟ್ಟು ಹಿಡಿದರೆ ಗಪ್‌ಚಿಪ್. ಹಿಂದೆ ಕೂತು ದೋಣಿ ತಿರುಗಿಸುವವರು ಅವರು, ಮುಂದೆ ಕೂತು ಬೈಸಿಕೊಳ್ಳುವವಳು ನಾನು. "ಎಡಕ್ಕೆ ಹಾಕು ಎಡಕ್ಕೆ! ನಿದ್ದೆಯಾ?" ಅಂದಾಗ ಬೇಕಂತಲೇ ಹುಟ್ಟಿನಿಂದ ಅವರ ಮುಖಕ್ಕೆ ನೀರು ಹಾರಿಸಿದೆ. ಮಕ್ಕಳ ಹಾಗೆ ನಕ್ಕರು. ಆ ನಗು ಕೇಳಿ ಬಹಳ ದಿನವಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ನದಿಗೆ ಅಡ್ಡಲಾಗಿ ಒಡ್ಡು ಬಂತು. ಅಲ್ಲಿ ದೋಣಿಯನ್ನು ಮೇಲೆತ್ತಿ, ದಡದ ಮೇಲೆ ಹೊತ್ತು ನಡೆದು, ಆಚೆ ಮತ್ತೆ ನೀರಿಗಿಳಿಸಬೇಕು. ತಂಡದ ಮುಂದಾಳು, ಒಬ್ಬ ಮರಾಠಿ ತರುಣ, ಮೊದಲೇ ಹೇಳಿಬಿಟ್ಟಿದ್ದ: ತಮ್ಮ ದೋಣಿ ತಾವು ಹೊರಲಾರದವರು ಅಲ್ಲಿಂದಲೇ ಟೆಂಪೋ ಹತ್ತಿ ಮನೆಗೆ. ಟೆಂಪೋ ರಸ್ತೆಯಲ್ಲಿ ನಿಂತೇ ಇತ್ತು. ಯಜಮಾನರು ಅದನ್ನೊಮ್ಮೆ ನೋಡಿ ಮುಖ ತಿರುಗಿಸಿದರು.

ದೋಣಿಯ ಮುಂದಿನ ತುದಿ ಅವರು, ಹಿಂದಿನ ತುದಿ ನಾನು ಹಿಡಿದು ನಡೆದೆವು. ಪಂಪ್‌ಹೌಸ್ ಗೋಡೆಗೂ ತಂತಿಬೇಲಿಗೂ ನಡುವೆ ಒಬ್ಬರೇ ನುಸುಳುವಷ್ಟು ದಾರಿ. ಅದರ ಬಾಯಲ್ಲಿ ಅವರು ನಿಂತುಬಿಟ್ಟರು.

"ಯಾಕ್ರಿ, ನಡೀರಲ್ಲ?"

"ಕಾಲು ಏಳ್ತಾ ಇಲ್ಲ" ಅಂದರು, ಮೆಲ್ಲಗೆ.

ಹೀಗೂ ಆಗಬಹುದು ಅಂತ ಡಾಕ್ಟರ್ ಹೇಳಿದ್ದರು, ನಾನು ಕಣ್ಣಾರೆ ಕಂಡಿರಲಿಲ್ಲ. ಬೂಟು ನೆಲಕ್ಕೆ ಅಂಟಿದ ಹಾಗೆ ನಿಂತಿತ್ತು, ಮೊಣಕಾಲು ಮಾತ್ರ ಅದುರುತ್ತಿತ್ತು. ನಮ್ಮ ಹಿಂದೆ ದೋಣಿ ಹೊತ್ತವರ ಸಾಲು. ಮುಂದಾಳು ಓಡಿಬಂದ. "ಕಾಕಾ, ಟೆಂಪೋ ಬುಲಾವೂ ಕ್ಯಾ?" ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ. ಇವರ ಕಿವಿ ಕೆಂಪಾಯಿತು. ನನಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು. ಯಾರ ಮೇಲೆ ಅಂತ ಇವತ್ತಿಗೂ ಗೊತ್ತಿಲ್ಲ. ಆ ಸಿಟ್ಟಿನಲ್ಲೇ ಅವರ ಬೆನ್ನಿಗೆ ಕೂಗಿದೆ:

"ಅಂಕಲ್! ಠಾಣಾ ಉತರನಾ ಹೈ ಕ್ಯಾ?"

ಡೊಂಬಿವಲಿಯಲ್ಲಿದ್ದಷ್ಟು ವರ್ಷ ಅವರು ದಿನಾ ಲೋಕಲ್ ರೈಲು ಹತ್ತಿ ಠಾಣೆಯ ವಾಗ್ಳೆ ಎಸ್ಟೇಟಿನ ಕಾರ್ಖಾನೆಗೆ ಹೋದವರು. ಉಸಿರಾಡಲೂ ಜಾಗವಿಲ್ಲದ ಡಬ್ಬಿಯಲ್ಲಿ ಹಿಂದಿನವರು ಮುಂದಿನವರನ್ನು ಠಾಣೆಯಲ್ಲಿ ಇಳಿಯುತ್ತೀರಾ ಅಂತ ಕೇಳುವ ಪ್ರಶ್ನೆ ಅದು. ಇಳಿಯುವವರಾದರೆ ಬಾಗಿಲ ಕಡೆ ಸರಿಯಬೇಕು, ಇಲ್ಲವಾದರೆ ದಾರಿ ಬಿಡಬೇಕು. ಸುಮ್ಮನೆ ನಿಲ್ಲುವ ಹಾಗಿಲ್ಲ.

"ಹಾಂ, ಉತರನಾ ಹೈ" ಅಂದರು ತಿರುಗದೆಯೇ. ಬಲಗಾಲು ಎದ್ದಿತು. ಅದರ ಹಿಂದೆ ಎಡಗಾಲು.

"ಚಲೋ ಚಲೋ, ಆಗೇ ಬಢೋ!" ನಾನು ಬಿಡಲಿಲ್ಲ. ಹಿಂದಿನವರೂ ಲೋಕಲ್‌ನ ಜನವೇ ತಾನೇ. ಮೊದಲು ಒಬ್ಬ, ಆಮೇಲೆ ಎಲ್ಲರೂ ಶುರುಮಾಡಿದರು. "ಅಂಕಲ್, ಜಲ್ದೀ! ಗಾಡೀ ಛೂಟೇಗೀ!" ಆ ಗದ್ದಲದಲ್ಲಿ ಗೋಡೆ ದಾಟಿದೆವು, ಬೇಲಿ ದಾಟಿದೆವು. ದೋಣಿ ನೀರಿಗಿಳಿದಾಗ ಮುಂದಾಳು ಟೆಂಪೋದವನಿಗೆ ಹೋಗು ಅಂತ ಕೈಬೀಸಿದ. ನಾನು ಸೆರಗಿಲ್ಲದ ಆ ಹಾಳು ಟೀ ಶರ್ಟಿನ ತೋಳಲ್ಲೇ ಕಣ್ಣೊರೆಸಿಕೊಂಡೆ.

ಆಮೇಲೆ ಯಜಮಾನರು ಎಡಕ್ಕೆ ಅನ್ನಲಿಲ್ಲ, ಬಲಕ್ಕೆ ಅನ್ನಲಿಲ್ಲ. ಅವಮಾನವಾಯಿತೇನೋ, ಅಷ್ಟು ಜನರೆದುರು ಕೂಗಬಾರದಿತ್ತೇನೋ ಅಂತ ದಾರಿಯುದ್ದಕ್ಕೂ ಒದ್ದಾಡಿದೆ. ಗ್ಯಾಸ್ ಸಿಲಿಂಡರ್ ಎತ್ತಲೂ ಇನ್ನೊಬ್ಬರ ಕೈ ಬೇಡದ ಮನುಷ್ಯ ಅವರು.

ಸಂಜೆ ದೋಣಿಯನ್ನು ದಡಕ್ಕೆ ಎಳೆದು ಮಗುಚಿ ಹಾಕುವಾಗ, ನನ್ನ ಮುಖ ನೋಡದೆ ಹೇಳಿದರು:

"ಇನ್ನು ಮನೆಯಲ್ಲೂ ಹಾಗೇ ಕೇಳು, ಆಯ್ತಾ? ಅಡುಗೆಮನೆ ಬಾಗಿಲಲ್ಲಿ. ನಾನು ಅಲ್ಲಿ ನಿಲ್ಲುವುದು, ನಿನಗೆ ಹೇಳ್ತಾ ಬಂದ ಹಾಗೆ, ಕನ್ನಡಕ ಹುಡುಕಲಿಕ್ಕೆ ಅಲ್ಲ."

"ಯಾವಾಗಿಂದ?" ಅಂದೆ.

"ಮಳೆಗಾಲದಿಂದ."