ಕಂಡವರು ಯಾರ್ರಿ?

ಮೊಬೈಲಿಗೆ ಬಂದ ಸುದ್ದಿಯನ್ನು ಮುಂದಕ್ಕೆ ಕಳಿಸುವುದು ಪರಮ ಪುಣ್ಯಕಾರ್ಯವೆಂದು ಇಳಕಲ್ಲಿನ ನಮ್ಮ ಓಣಿಯ ಸರ್ವಮತಸ್ಥರೂ ಒಮ್ಮತದಿಂದ ನಂಬಿದ್ದರು. ಮಸೀದಿಯ ಮೌಲವಿಗಳು ಮಾತ್ರ ಈ ಪುಣ್ಯದಲ್ಲಿ ಹಿಂದುಳಿದಿದ್ದರು. ಏನು ತೋರಿಸಿದರೂ ಕನ್ನಡಕವನ್ನು ಹಣೆಗೇರಿಸಿ, “ಕಂಡವರು ಯಾರ್ರಿ?” ಎನ್ನುವರು.

ಒಂದು ದಿನ ಪಕ್ಕದ ಮನೆಯ ಸೀರೆ ವ್ಯಾಪಾರಿ ಅವರೆದುರು ಫೋನ್ ಹಿಡಿದ. ಅವನ ಮಗಳ ಮದುವೆಗೆ ಹುನಗುಂದದ ಅಕ್ಕನೊಬ್ಬಳು ರೊಟ್ಟಿ ಬಡಿದು ಕೊಡುವವಳಿದ್ದಳು. ಅವಳಿಗೆ ಅದೇ ಮೊದಲ ದೊಡ್ಡ ಆರ್ಡರು. ಈಗ ಅವಳ ರೊಟ್ಟಿ ತಿಂದವರು ದವಾಖಾನೆ ಸೇರಿದ್ದಾರೆಂದು ಸುದ್ದಿ.

“ಬ್ಯಾಡ ಅಂತ ಹೇಳಿಬಿಡ್ತೇನ್ರಿ.”

“ತಡೀಪಾ. ಭರೋಸಾ ಇಲ್ಲದಾಂವ ಸುದ್ದಿ ತಂದ್ರ ಮದಲ ತಪಾಸ ಮಾಡ್ರಿ, ಇಲ್ಲಾಂದ್ರ ಮಂದೀಗೆ ತಿಳೀದ ಕೇಡು ಮಾಡಿ ಆಮ್ಯಾಲ ಹಳಹಳಸ್ತೀರಿ ಅಂತ ನಮ್ಮ ಕುರಾನಿನಾಗ ಐತಿ. ಫೋನಿಗೇನು ರಿಯಾಯ್ತಿ ಬರ್ದಿಲ್ಲ.”

ಹೀಗೆಂದವರೇ ಏಕಸದಸ್ಯ ತನಿಖಾ ಆಯೋಗದ ಗಾಂಭೀರ್ಯದಿಂದ ಹುನಗುಂದದ ಬಸ್ಸು ಹತ್ತಿದರು. ಸಂಜೆ ಮರಳಿ ಬಂದು ವರದಿ ಒಪ್ಪಿಸಿದರು: “ದವಾಖಾನಿ ಸೇರಿದವ್ರು ಯಾರೂ ಇಲ್ಲ. ನಾನೂ ಆಕಿ ರೊಟ್ಟಿ ಹೊಟ್ಟಿ ತುಂಬ ಉಂಡು ಬಂದೇನಿ.”

ವ್ಯಾಪಾರಿ ಅವರ ಹೊಟ್ಟೆಯನ್ನೇ ದಿಟ್ಟಿಸಿದ. “ಏನೂ ಆಗಿಲ್ಲೇನ್ರಿ?”

“ಆಗೇತಲ್ಲ. ಹಸಿವಿ ಹೆಚ್ಚಾಗೇತಿ.”

ವ್ಯಾಪಾರಿ ಅಲ್ಲಿಂದಲೇ ಹುನಗುಂದಕ್ಕೆ ಫೋನ್ ಹಚ್ಚಿದ: “ಅಕ್ಕಾರ, ರೊಟ್ಟಿ ಒಂದೀಟು ಹೆಚ್ಚಿಗೇ ಬಡೀರಿ. ನಮ್ಮ ಮೌಲವಿಗಳೂ ಮದುವಿಗೆ ಬರ್ತಾರ.”