ಬಾಂದ್ರಾಕ್ಕೆ ಹೋದ ಕೆಂಪು ಅರಿವೆ

ದೀಕ್ಷಾಭೂಮಿ ನೋಡಲು ಒಮ್ಮೆ ನಾಗಪುರಕ್ಕೆ ಹೋಗಿಬಂದದ್ದು ಬಿಟ್ಟರೆ, ಮಂಗಸೂಳಿಯ ಸುಂದರಾ ಕಾಂಬಳೆ ಮಿರಜದ ಆಚೆ ಕಾಲಿಟ್ಟವಳಲ್ಲ. ೨೦೧೩ರ ಡಿಸೆಂಬರಿನಲ್ಲಿ ಮಗಳು ಶುಭಾಂಗಿ ಮುಂಬಯಿಯಿಂದ ರೈಲಿನ ಟಿಕೆಟ್ ತೆಗೆಸಿ, ಕ್ರಿಸ್‌ಮಸ್ಸಿಗೆ ನಾಲ್ಕು ದಿನ ಬಂದು ಹೋಗು ಎಂದಳು. ಊರಿನವರಿಗೆ ಆಶ್ಚರ್ಯವಾದದ್ದು ಟಿಕೆಟ್ಟಿನಿಂದಲ್ಲ, ಸುಂದರಾ ಹೂಂ ಎಂದದ್ದರಿಂದ. ಡಿಸೆಂಬರಿನಲ್ಲಿ ದ್ರಾಕ್ಷಿ ಕೆಲಸದವರು ಊರು ಬಿಡುವುದಿಲ್ಲ.

ಅದಕ್ಕೆ ಕಾರಣವಿದೆ. ಅಕ್ಟೋಬರಿನಲ್ಲಿ ಕತ್ತರಿಸಿದ ಬಳ್ಳಿಯಲ್ಲಿ ಡಿಸೆಂಬರಿನ ಹೊತ್ತಿಗೆ ಕಾಯಿ ಜೋಳದ ಕಾಳಿನಷ್ಟಾಗಿರುತ್ತದೆ. ಆಗ ಪ್ರತಿ ಗೊಂಚಲನ್ನೂ ಔಷಧದ ನೀರಿನಲ್ಲಿ ಅದ್ದಬೇಕು. ಸಿಂಪಡಿಸಿದರೆ ನಡೆಯುವುದಿಲ್ಲ. ಮಗ್ಗಿನಲ್ಲಿ ನೀರು ಹಿಡಿದು, ತಲೆಯ ಮೇಲಿನ ಚಪ್ಪರಕ್ಕೆ ಕೈ ಎತ್ತಿ, ಗೊಂಚಲು ಪೂರ್ತಿ ಮುಳುಗುವಂತೆ ಮಗ್ಗನ್ನು ಏರಿಸಿ ಇಳಿಸಬೇಕು. ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ ಕೆಲಸ. ಅದ್ದದ ಗೊಂಚಲು ಸಣ್ಣದಾಗಿ ಉಳಿಯುತ್ತದೆ. ಎರಡು ಸಲ ಅದ್ದಿದ್ದು ಸಿಪ್ಪೆ ದಪ್ಪವಾಗಿ, ಕಾಯಿಗೆ ಕಾಯಿ ಒತ್ತಿಕೊಂಡು ಕೆಡುತ್ತದೆ. ಅದ್ದಿದ ದಿನ ನೀರು ಆರಿತೆಂದರೆ ಯಾವುದು ಅದ್ದಿದ್ದು, ಯಾವುದು ಅಲ್ಲ ಎಂದು ದೇವರಿಗೂ ತಿಳಿಯದು. ಆದ್ದರಿಂದ ಸಂಜೆ ಕೆಲಸ ನಿಂತ ಗಿಡದ ಬೊಡ್ಡೆಗೆ ಒಂದು ಕೆಂಪು ಅರಿವೆ ಕಟ್ಟುವ ಪದ್ಧತಿ. ಮರುದಿನ ಅದನ್ನು ಬಿಚ್ಚಿ ಮುಂದಿನ ಗಿಡದಿಂದ ಶುರು ಮಾಡುವುದು. ಅರಿವೆ ಕಾಣದಿದ್ದರೆ ಹೊಸ ತೋಟವೆಂದು ತಿಳಿದು ಮೊದಲ ಸಾಲಿನಿಂದ ಹಿಡಿಯುವುದು. ಅಥಣಿಯಿಂದ ರಾಯಬಾಗದವರೆಗೆ ಎಲ್ಲ ಗುಂಪುಗಳೂ ಇದನ್ನು ಪಾಲಿಸುತ್ತವೆ.

ಸುಂದರಾ ಎಂಟು ಹೆಂಗಸರ ಗುಂಪಿನ ಹಿರಿಯಳು. ಔಷಧ ಬೆರೆಸುವುದೂ ಅರಿವೆ ಕಟ್ಟುವುದೂ ಅವಳ ಕೆಲಸ. ಹನ್ನೊಂದು ವರ್ಷದಿಂದ ಜಯಪಾಲ ಮಗದುಮ್ಮರ ತೋಟ ಅವಳ ಕೈಯಲ್ಲಿತ್ತು. ಅವರು ಬಂದು ನೋಡುತ್ತಲೂ ಇರಲಿಲ್ಲ. ಆ ನಂಬಿಕೆಯೇ ಅವಳ ಆಸ್ತಿ. ದಿಗ್ಗೇವಾಡಿಯ ಮಾಳಸಿದ್ದ ತನ್ನ ಗುಂಪಿಗೆ ಆ ತೋಟ ಬೇಕೆಂದು ಮೂರು ವರ್ಷದಿಂದ ಜಯಪಾಲರ ಕಟ್ಟೆಗೆ ಬಂದು ಕೂರುತ್ತಿದ್ದುದು ಅವಳಿಗೆ ಗೊತ್ತಿತ್ತು.

ಆದರೂ ಹೊರಟಳು. ಶುಭಾಂಗಿ ಆಸ್ಪತ್ರೆಯಲ್ಲಿ ನರ್ಸ್. ಮೂರು ವರ್ಷದಲ್ಲಿ ಹಬ್ಬದ ರಜೆ ಸಿಕ್ಕಿದ್ದು ಅದೇ ಮೊದಲು. ‘ಈ ಸಲ ಬರಲಿಲ್ಲಂದ್ರ ಮತ್ತ ಕರಿಯಾಂಗಿಲ್ಲ’ ಎಂದಿದ್ದಳು, ಮತ್ತು ಅವಳು ಅಂದದ್ದನ್ನು ಮಾಡುವ ಹುಡುಗಿ. ಸುಂದರಾಳ ಗುಂಪಿಗೆ ಇಪ್ಪತ್ನಾಲ್ಕರಿಂದ ಬೇರೆ ತೋಟದ ಮಾತಾಗಿತ್ತು. ಜಯಪಾಲರ ತೋಟದಲ್ಲಿ ಉಳಿದದ್ದನ್ನು ಇಪ್ಪತ್ತೈದರಂದು ಮಾಳಸಿದ್ದನ ಗುಂಪು ಮುಗಿಸುವುದೆಂದಾಯಿತು. ಎಲ್ಲಿಯವರೆಗೆ ಆಗಿದೆಯೆಂದು ಅವನಿಗೆ ಯಾರೂ ಹೇಳುವುದಿಲ್ಲ, ಅರಿವೆಯೇ ಹೇಳಬೇಕು.

ಇಪ್ಪತ್ತಮೂರರ ಸಂಜೆ ಹೆಂಗಸರು ಅವಳನ್ನು ಕೆಲಸ ಮಾಡಗೊಡಲಿಲ್ಲ.

“ಮುಂಬೈದಾಗ ಕೈ ಮ್ಯಾಲೆ ಎತ್ತಿ ನಿಂದರಬ್ಯಾಡ ಬೇ, ಟ್ಯಾಕ್ಸಿ ನಿಂತಾವು!”

“ಮಗಳನ್ನ ನೋಡಿ ಬಾ ಅಂದ್ರ ಅಳಿಯನ್ನ ತೊಗೊಂಡ ಬಂದಾಳಿಕಿ.”

ಮಿರಜಕ್ಕೆ ಬಿಡಲು ಜಯಪಾಲರ ಜೀಪು ದಾರಿಯಲ್ಲಿ ಹಾರ್ನ್ ಬಾರಿಸುತ್ತಿತ್ತು. ಕೊನೆಯ ಡ್ರಮ್ಮಿನಲ್ಲಿ ಉಳಿದ ನೀರನ್ನು ಸುಂದರಾ ಬದುವಿಗೆ ಚೆಲ್ಲಿ, ಕೈ ತೊಳೆದು ಓಡಿದಳು.

ಮರುದಿನ ಸಂಜೆ ಆರೂವರೆಗೆ ತಾಯಿ ಮಗಳು ಬಾಂದ್ರಾದಲ್ಲಿದ್ದರು. ಗುಡ್ಡದ ಮೇಲಿನ ಚರ್ಚಿನತ್ತ ಹೋಗುವ ಓಣಿಗಳಲ್ಲಿ ಜನವೋ ಜನ. ಮನೆಮನೆಯ ಮುಂದೆ ಹುಲ್ಲಿನ ಗೋದಲಿ, ಅಂಗಡಿಗಳಲ್ಲಿ ಕೇಕು, ಕೆಂಪು ಟೊಪ್ಪಿಗೆ ಹಾಕಿಕೊಂಡ ಮುದುಕರು, ಗಿಟಾರು ಹಿಡಿದು ಹಾಡುವ ಹುಡುಗಿಯರು. ಓಣಿಗೆ ಅಡ್ಡಲಾಗಿ ತಂತಿ ಎಳೆದು ಕಾಗದದ ನಕ್ಷತ್ರದ ದೀಪಗಳನ್ನು ಸಾಲುಸಾಲಾಗಿ ತೂಗುಬಿಟ್ಟಿದ್ದರು. ತಲೆ ಎತ್ತಿ ನೋಡಿದ ಸುಂದರಾಳ ಬಲಗೈ ತಾನಾಗಿ ಮೇಲೆದ್ದಿತು.

“ಆಯಿ, ಕೈ ಇಳಸ. ಮಂದಿ ನೋಡಾಕತ್ತಾರ.”

ಸುಂದರಾ ನಕ್ಕು, ಎಲೆ ಹಾಕಿಕೊಳ್ಳಲು ಸೊಂಟದ ಸಂಚಿಯ ಬಾಯಿ ಬಿಚ್ಚಿದಳು. ಸುಣ್ಣದ ಡಬ್ಬಿಯ ಜೊತೆಗೆ ಕೈಗೆ ಬಂದದ್ದು ಕೆಂಪು ಅರಿವೆ. ನಿನ್ನೆ ಬೆಳಿಗ್ಗೆ ಬಿಚ್ಚಿ ಸಂಚಿಗೆ ಹಾಕಿಕೊಂಡದ್ದು. ಸಂಜೆ ಕಟ್ಟಿರಲಿಲ್ಲ.

ನಾಳೆ ಏಳು ಗಂಟೆಗೆ ಮಾಳಸಿದ್ದ ಬರುತ್ತಾನೆ. ಅರಿವೆ ಹುಡುಕುತ್ತಾನೆ. ಕಾಣದಿದ್ದರೆ ಮೊದಲ ಸಾಲಿನಿಂದ ಹಿಡಿಯುತ್ತಾನೆ. ಹನ್ನೆರಡು ಸಾಲು ಎರಡನೇ ಸಲ ಅದ್ದಿ ಹೋಗುತ್ತವೆ.

“ಏನಾತು? ಎದಿ ನೋವೇನ?” ನರ್ಸಿಗೆ ಮೊದಲು ಬರುವ ಪ್ರಶ್ನೆ ಅದು.

ಸುಂದರಾ ಹೇಳಿದಳು. ಶುಭಾಂಗಿ ಜಯಪಾಲರಿಗೆ ಫೋನ್ ಹಚ್ಚಿದಳು. ಅದು ಬಂದ್ ಆಗಿತ್ತು. ಅವರು ಸಂಸಾರದೊಂದಿಗೆ ಕುಂಭೋಜದ ಬೆಟ್ಟಕ್ಕೆ ಯಾತ್ರೆ ಹೋಗಿದ್ದರು, ಬರುವುದು ನಾಳೆ ಸಂಜೆ. ಮಾಳಸಿದ್ದನ ನಂಬರು ಇಬ್ಬರಲ್ಲೂ ಇರಲಿಲ್ಲ. ಉಳಿದವನು ಸುಂದರಾಳ ಗಂಡ ತುಕಾರಾಮ. ಅವನು ಸಕ್ಕರೆ ಕಾರ್ಖಾನೆಯ ಗೇಟಿನ ಕಾವಲುಗಾರ. ದ್ರಾಕ್ಷಿಯನ್ನು ತಿನ್ನಲು ಮಾತ್ರ ಬಲ್ಲ.

“ಕೆಂಪ ಅರಿವಿ ನನ್ನ ಸಂಚ್ಯಾಗ ಬಂದೈತಿ,” ಎಂದಳು ಸುಂದರಾ ಅವನಿಗೆ ಫೋನಿನಲ್ಲಿ.

“ಮುಂಬೈಕ? ಅಲ್ಲೇನ ಗಿಡ ಅದಾವನ ಕಟ್ಟಾಕ?”

“ಮಸ್ಕರಿ ಸಾಕ. ಮುಂಜಾನೆ ಆರಕ್ಕ ಸೈಕಲ್ ತೊಗೊಂಡ ತ್ವಾಟಕ್ಕ ಹೋಗು. ಬ್ಯಾರೆ ಅರಿವಿ ಕಟ್ಟು.”

“ಕಟ್ಟತೀನಿ. ಯಾವ ಗಿಡಕ್ಕ?”

ಯಾವ ಗಿಡವೆಂದು ಸುಂದರಾಳಿಗೆ ನೆನಪಿರಲಿಲ್ಲ. ಎಂಟು ಕೈ ಒಂದೇ ಸಾಲಿನಲ್ಲಿ ಗಿಡಕ್ಕೊಬ್ಬರಂತೆ ಮುಂದೆ ಮುಂದೆ ಹೋಗುವಾಗ ಯಾರೂ ಎಣಿಸುವುದಿಲ್ಲ. ಎಣಿಸಬಾರದೆಂದೇ ಅರಿವೆ ಇರುವುದು. ಗುಂಪಿನ ಹೆಂಗಸರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಗಿಡ ಹೇಳುತ್ತಾರೆಂದು ಅವಳಿಗೆ ಗೊತ್ತಿತ್ತು.

“ತಾಸ ಬಿಟ್ಟ ಹೇಳತೀನಿ. ಮಕ್ಕೊಬ್ಯಾಡ.”

ಮುಂದಿನ ಒಂದು ತಾಸು ಅವಳು ಬಾಂದ್ರಾದಲ್ಲಿ ನಡೆದಳು, ಆದರೆ ನೋಡಲಿಲ್ಲ. ಶುಭಾಂಗಿ ಕೇಕು ಕೊಡಿಸಿದಳು. ಅದು ಕೈಯಲ್ಲೇ ಪುಡಿಯಾಯಿತು. ಸಮುದ್ರ ತೋರಿಸಿದಳು, ಇವಳು ಸಮುದ್ರಕ್ಕೆ ಬೆನ್ನು ಮಾಡಿ ನಿಂತಳು. ಮೂರು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ. ಕೊನೆಗೆ ಮಗಳು ಸಿಟ್ಟಿಗೆದ್ದಳು.

“ಮೂರ ವರ್ಷಕ್ಕ ಒಂದ ರಜಾ ಸಿಕ್ಕೈತಿ ನನಗ. ನೀ ಮಂಗಸೂಳ್ಯಾಗ ಅಡ್ಡಾಡಾಕತ್ತಿ.”

“ನಿನ್ನ ವಾರ್ಡದಾಗ ಒಂದ ಇಂಜೆಕ್ಷನ್ ಎರಡ ಸಲ ಕೊಟ್ಟರ ಏನ ಮಾಡತಿ?”

ಶುಭಾಂಗಿ ತನ್ನ ಕೆಲಸದ ಧಾಟಿಯಲ್ಲೇ ಕೇಳಿದಳು: “ನಾವು ಖಾಲಿ ಬಾಟ್ಲಿ ಎಣಸತೀವಿ. ನಿಮಗ ಹಂಗ ಏನೂ ಇಲ್ಲೇನು?”

ಇತ್ತು. ಆಯಾ ದಿನ ಬೆರೆಸಿದ ಔಷಧದ ಖಾಲಿ ಪುಡಿಕೆಗಳನ್ನು ಅಂದಿನ ಸಂಜೆಯೇ ಮಾಲೀಕರಿಗೆ ಒಪ್ಪಿಸಬೇಕು. ಅವಸರದಲ್ಲಿ ಅದೂ ಮರೆತಿತ್ತು. ಚರ್ಚಿನ ಮೆಟ್ಟಿಲಿನ ಮೇಲೆ ಕುಳಿತು ಸುಂದರಾ ಸಂಚಿಯನ್ನು ಉಡಿಗೆ ಸುರಿದುಕೊಂಡಳು. ಮೇಣದ ಬತ್ತಿ ಮಾರುವವಳು ಬಗ್ಗಿ ನೋಡಿದಳು. ಹನ್ನೆರಡು ಪುಡಿಕೆ. ಪುಡಿಕೆಗೊಂದು ಡ್ರಮ್ಮು, ಡ್ರಮ್ಮಿಗೆ ಎಂಟು ಗಿಡ. ತೊಂಬತ್ತಾರು. ನಿನ್ನೆ ಬೆಳಿಗ್ಗೆ ಅರಿವೆ ಬಿಚ್ಚಿದ್ದು ಹನ್ನೊಂದನೇ ಸಾಲಿನ ಒಂಬತ್ತನೇ ಗಿಡದಿಂದ. ಅದರ ಬುಡದಲ್ಲಿ ಇರುವೆ ಗೂಡಿದ್ದದ್ದರಿಂದ ನೆನಪಿತ್ತು. ಸಾಲಿಗೆ ನಲವತ್ತು ಗಿಡ. ಆ ಸಾಲಿನಲ್ಲಿ ಉಳಿದ ಮೂವತ್ತೊಂದು, ಹನ್ನೆರಡನೇ ಸಾಲಿನ ನಲವತ್ತು. ಹದಿಮೂರನೇ ಸಾಲಿನ ಇಪ್ಪತ್ತೈದನೇ ಗಿಡಕ್ಕೆ ಲೆಕ್ಕ ಬಂದು ನಿಂತಿತು.

ಆದರೆ ಕೊನೆಯ ಡ್ರಮ್ಮಿನ ನೀರು ಚೆಲ್ಲಿದ್ದಳಲ್ಲ. ಎಷ್ಟು ಉಳಿದಿತ್ತು? ಕಾಲು ಭಾಗವೋ, ಅರ್ಧವೋ? ಇಪ್ಪತ್ತೊಂದಕ್ಕೇ ನಿಂತಿರಬಹುದು. ನಾಲ್ಕು ಗಿಡದ ಅನುಮಾನ. ಸಣ್ಣ ಕಾಯಿಯನ್ನು ಹೇಗಾದರೂ ಮಾರಬಹುದು, ಕೆಟ್ಟದ್ದನ್ನು ಮಾರಲಾಗದು. ಅವಳು ಮೇಲಿನ ಎಣಿಕೆ ಇಪ್ಪತ್ತೈದನ್ನೇ ಹಿಡಿದಳು.

“ಬಾವಿ ಕಡಿಂದ ಎಣಸು,” ಎಂದಳು ಗಂಡನಿಗೆ. “ಹದಿಮೂರನೇ ಸಾಲ. ಇಪ್ಪತ್ತೈದ. ಎರಡ ಸಲ ಎಣಸು.”

“ನನ್ನ ಲಗ್ನದಾಗೂ ಇಷ್ಟ ಸಲ ಎಣಸಿರಲಿಲ್ಲ ಯಾರೂ.”

ಕ್ರಿಸ್‌ಮಸ್ಸಿನ ಮಧ್ಯಾಹ್ನ ಶುಭಾಂಗಿಯ ಗೆಳತಿಯ ಮನೆಯಲ್ಲಿ ಇಬ್ಬರಿಗೂ ಊಟಕ್ಕೆ ಕರೆ ಇತ್ತು. ಬೆಳಿಗ್ಗೆ ಏಳು ಗಂಟೆಯಿಂದಲೇ ಸುಂದರಾ ಫೋನನ್ನು ಅಂಗೈಯಲ್ಲಿ ಹಿಡಿದು ಕುಳಿತಿದ್ದಳು. ಎಂಟಾಯಿತು, ಎಂಟೂವರೆಯಾಯಿತು. ಒಂಬತ್ತಕ್ಕೆ ಫೋನು ಬಂತು. ತುಕಾರಾಮ ತನ್ನ ಕೆಂಪು ರುಮಾಲಿನ ಅಂಚನ್ನು ಹರಿದು ಕಟ್ಟಿದ್ದ. ಮಾಳಸಿದ್ದ ಅದನ್ನು ನೋಡಿ, ಗಾಳಿಗೂ ಬಿಚ್ಚದಂಥ ಗಂಟು ಯಾರು ಹಾಕಿದರೆಂದು ಬೈಯುತ್ತಾ ಇಪ್ಪತ್ತಾರನೇ ಗಿಡದಿಂದ ಶುರು ಮಾಡಿದ್ದ. ಸುಂದರಾ ಫೋನು ಮಗಳ ಕೈಗೆ ಕೊಟ್ಟು, ಆ ದಿನ ಮೂರು ತಟ್ಟೆ ಬಿರ್ಯಾನಿ ತಿಂದಳು. ಇದನ್ನು ನನಗೆ ಹೇಳಿದ್ದು ಶುಭಾಂಗಿ. ಸುಂದರಾ ಒಪ್ಪುವುದಿಲ್ಲ, ಎರಡು ಎನ್ನುತ್ತಾಳೆ.

ಇಪ್ಪತ್ತೆಂಟರಂದು ಊರಿಗೆ ಬಂದವಳು ಮನೆಗೆ ಹೋಗುವ ಮೊದಲು ಜಯಪಾಲರ ಕಟ್ಟೆಗೆ ಹೋಗಿ ಹನ್ನೆರಡು ಪುಡಿಕೆ ಒಪ್ಪಿಸಿ, ನಡೆದದ್ದನ್ನು ಹೇಳಿದಳು. ಹೇಳದಿದ್ದರೂ ನಡೆಯುತ್ತಿತ್ತು. ಜನವರಿಯಲ್ಲಿ ಕಾಯಿ ಉಬ್ಬಿದಾಗ ಹದಿಮೂರನೇ ಸಾಲಿನ ಮೂರು ಗಿಡ ಮಾತ್ರ ಸಣ್ಣ ಕಾಯಿ ಹೊತ್ತು ನಿಂತವು. ಇಪ್ಪತ್ಮೂರು, ಇಪ್ಪತ್ನಾಲ್ಕು, ಇಪ್ಪತ್ತೈದು. ಮಾಳಸಿದ್ದ ಅವನ್ನು ಜಯಪಾಲರಿಗೆ ಎರಡು ಸಲ ತೋರಿಸಿದ. ಅವರು ಎರಡು ಸಲವೂ, ತಮಗೆ ಮೊದಲೇ ಗೊತ್ತೆಂದರು.

ಬಾಂದ್ರಾ ಹೇಗಿತ್ತೆಂದು ನಾನು ಕೇಳಿದಾಗ ಸುಂದರಾ ಹೇಳಿದ್ದು ಇಷ್ಟು: “ಒಂದ ಓಣ್ಯಾಗ ನಲವತ್ತಾರ ದೀಪ ಇದ್ದೂರಿ. ಎರಡ ಹತ್ತಿರಲಿಲ್ಲ. ಯಾರೂ ನೋಡಿರಲಿಲ್ಲ.”

ಮುಂದಿನ ಅಕ್ಟೋಬರಿನಲ್ಲಿ ಬಳ್ಳಿ ಕತ್ತರಿಸುವ ಮಾತಿಗೆ ಜಯಪಾಲರು ಅವಳನ್ನೇ ಕರೆಸಿದರು. “ತ್ವಾಟ ನಿನ್ನ ಕಡೇನ ಇರಲಿ ಸುಂದರಾಬಾಯಿ,” ಎಂದರು. “ಆದರ ಈ ವರ್ಷ ಕ್ರಿಸ್‌ಮಸ್ಸು ಇಲ್ಲೇ ಮಾಡು.”

“ಇಲ್ರಿ, ಹೋಗಾಕಿ ಅದೀನಿ. ಮಗಳಿಗೆ ಮತ್ತ ರಜಾ ಸಿಕ್ಕೈತಿ,” ಎಂದಳು ಸುಂದರಾ. “ಅರಿವಿ ಎರಡ ಮಾಡೀನ್ರಿ. ಒಂದ ನಿಮ್ಮ ಮನಿ ಸಾಹುಕಾರ್ತಿ ಕೈಯಾಗ ಕೊಟ್ಟ ಹೋಗತೀನಿ.”